ತವರಿಗೆ ಬಂದ ತಿಮಿಂಗಿಲ

ಚೀಲದಲ್ಲಿ ತೆಂಗಿನಕಾಯಿ ಇದೆ ಎಂದು ಯಾಮಿನಿಗೆ ಮುಟ್ಟದೆಯೇ ಗೊತ್ತಾಯಿತು. ಬಟ್ಟೆ ಚೀಲದ ತಳ ಅಷ್ಟು ದುಂಡಗೆ ಜೋತುಬೀಳುವುದು ಬೇರೆ ಯಾವುದರಿಂದಲೂ ಅಲ್ಲ.

“ಆಂಟಿ, ಇದೇನು?”

“ಮಡಿಲಕ್ಕಿ,” ಎಂದರು ಅನಸೂಯ, ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ.

“ಯಾರಿಗೆ?”

“ಯಾರಿಗೆ ಅಂದ್ರೆ? ಅವಳಿಗೆ.” ಗಲ್ಲ ಎತ್ತಿ ಸಮುದ್ರದ ಕಡೆ ತೋರಿಸಿದರು. ಅಲ್ಲಿ ಯಾರೂ ಇರಲಿಲ್ಲ. ದೋಣಿಕಟ್ಟೆಯ ಕೊನೆಯ ಕಂಬದ ಮೇಲೆ ಒಂದು ಪೆಲಿಕನ್ ಕುಳಿತಿತ್ತು. ಅದರಾಚೆ ಬೂದುಬಣ್ಣದ ನೀರು.

ತಪ್ಪು ಒಂದು ರೀತಿಯಲ್ಲಿ ಯಾಮಿನಿಯದೇ. ದೀಪಾವಳಿ ಮುಗಿದ ಮೇಲೆ ಅಟ್ಲಾಂಟಾದ ಕನ್ನಡದವರಿಗಾಗಿ ಜೂಮಿನಲ್ಲಿ ಒಂದು ಮಾತುಕತೆ ನಡೆಸಿದ್ದಳು. ರೈಟ್ ವೇಲ್ ಎಂಬ ತಿಮಿಂಗಿಲಗಳು ಬೇಸಿಗೆಯೆಲ್ಲ ಕೆನಡಾದ ಕಡೆಯ ತಣ್ಣೀರಿನಲ್ಲಿದ್ದು, ಹೆರುವ ಹೊತ್ತಿಗೆ ಜಾರ್ಜಿಯಾ, ಕೆರೊಲಿನಾಗಳ ದಡಕ್ಕೆ ಇಳಿದು ಬರುತ್ತವೆ, ಈಗ ಉಳಿದಿರುವುದು ನಾನೂರರ ಒಳಗೆ ಎಂದಿದ್ದಳು. ಇಲ್ಲಿ ತಾಯಿಗೆ ತಿನ್ನಲು ಏನೂ ಸಿಗುವುದಿಲ್ಲ, ತಿಂಗಳುಗಟ್ಟಲೆ ಉಪವಾಸವಿದ್ದುಕೊಂಡೇ ಮರಿಗೆ ಹಾಲೂಡಿಸುತ್ತದೆ, ಉತ್ತರಕ್ಕೆ ವಾಪಸು ಹೋದ ಮೇಲೆಯೇ ಅದಕ್ಕೆ ಊಟ ಎಂದೂ ಹೇಳಿದ್ದಳು. ಕೊನೆಯಲ್ಲಿ ಜನ ಕೇಳಿದ್ದು ಪಾರ್ಕಿಂಗ್ ಮತ್ತು ವೆಜಿಟೇರಿಯನ್ ಹೋಟೆಲುಗಳ ಬಗ್ಗೆ. ಅನಸೂಯ ಮಾತ್ರ ಅನ್‌ಮ್ಯೂಟ್ ಮಾಡಿಕೊಂಡು, “ಅಂದ್ರೆ ಬಾಣಂತಿಗೆ ಊಟ ಇಲ್ವಾ?” ಎಂದಿದ್ದರು. ಧ್ವನಿಯಲ್ಲಿ ಸಿಟ್ಟಿತ್ತು, ಯಾಮಿನಿಯೇ ಬಡಿಸುವುದನ್ನು ಮರೆತಿದ್ದಾಳೆ ಎನ್ನುವ ಹಾಗೆ.

ಅವರಿಗೆ ಸಿಟ್ಟು ಬರುವುದರಲ್ಲಿ ಆಶ್ಚರ್ಯವಿರಲಿಲ್ಲ. ಡಾಕ್ಟರ್ ಅನಸೂಯ ಅಟ್ಲಾಂಟಾದ ಆಸ್ಪತ್ರೆಯೊಂದರಲ್ಲಿ ನಿವೃತ್ತರಾಗುವವರೆಗೂ ಹೆರಿಗೆ ಮಾಡಿಸಿದವರು. ಜಾನ್ಸ್ ಕ್ರೀಕ್‌ನ ಕನ್ನಡದ ಮಕ್ಕಳಲ್ಲಿ ಅರ್ಧಕ್ಕರ್ಧ ಮೊದಲು ನೋಡಿದ್ದು ಅವರ ಮುಖವನ್ನೇ.

“ಹೆರಿಗೆಗೆ ತವರಿಗೆ ಬಂದಿದ್ದಾಳೆ ಕಣೇ. ಬರಿ ಮಡಿಲಲ್ಲಿ ಕಳಿಸ್ತಾರಾ?” ಎಂದು ಚೀಲದ ಬಾಯಿ ಬಿಡಿಸಿ ತೋರಿಸಿದರು. “ಅಕ್ಕಿ, ಬೆಲ್ಲ, ಕಾಯಿ, ಎಲೆ ಅಡಿಕೆ, ಅರಿಶಿನ ಕುಂಕುಮ, ಒಂದು ರವಿಕೆ ಕಣ. ಪ್ಲಾಸ್ಟಿಕ್ ಒಂಚೂರೂ ಇಲ್ಲ. ಕುಂಕುಮನೂ ಪೇಪರ್‌ನಲ್ಲಿ ಕಟ್ಟಿದೀನಿ. ನಾರ್‌ಕ್ರಾಸ್ ಅಂಗಡೀಲಿ ದೊಡ್ಡ ಪ್ಯಾಕೆಟ್ಟೇ ಇದ್ದಿದ್ದು, ಪೂರ್ತಿ ಹಾಕ್ಬಿಟ್ಟೆ. ಅವಳ ಸೈಜ್‌ಗೆ ಚಿಟಿಕೆ ಎಲ್ಲಿಗೆ ಸಾಕು?”

“ಟೋಟಲಿ ಆರ್ಗ್ಯಾನಿಕ್,” ಎಂದ ಶಶಾಂಕ್. ಅವನು ಯಾಮಿನಿಯ ಆಫೀಸಿನವನು. ಮೊಳಕೈಯಷ್ಟು ಉದ್ದದ ಲೆನ್ಸನ್ನು ಬಾಡಿಗೆಗೆ ತಂದು ಮಗುವಿನಂತೆ ಎದೆಗೊತ್ತಿಕೊಂಡಿದ್ದ.

“ನೀನು ಸುಮ್ನಿರು. ಆಂಟಿ, ನೀರಿಗೆ ಏನೂ ಹಾಕೋ ಹಾಗಿಲ್ಲ. ಒಂದು ಕಾಳು ಅಕ್ಕಿ ಕೂಡ. ಅದರ ಹತ್ರ ಹೋಗೋ ಹಾಗೂ ಇಲ್ಲ. ಐನೂರು ಗಜ ದೂರ ಇರ್ಬೇಕು, ಅದು ಕಾನೂನು. ನಾವು ಹೊರಟಿರೋದು ಡಾಲ್ಫಿನ್ ನೋಡೋಕೆ. ತಿಮಿಂಗಿಲ ತಾನಾಗೇ ಕಂಡ್ರೆ ನೋಡೋದು, ಹುಡುಕ್ಕೊಂಡು ಹೋಗೋದಲ್ಲ.”

“ಹಾಕಲ್ಲಮ್ಮ. ತೋರಿಸಿ ವಾಪಸ್ ತರ್ತೀನಿ. ದೇವರಿಗೆ ನೈವೇದ್ಯನೂ ತೋರಿಸೋದೇ ತಾನೆ? ಅವನೇನು ತಿಂತಾನಾ?”

ಯಾಮಿನಿ ಚೀಲದ ಬಾಯಿ ಮುಚ್ಚಿದಳು. “ಪ್ರಾಮಿಸ್?” ಎಂದಳು. ಅನಸೂಯ ಅವಳ ತಲೆ ಮುಟ್ಟಿ ಪ್ರಾಮಿಸ್ ಮಾಡಿದರು. ಆಮೇಲೆ ಚೀಲವನ್ನು ಗಂಡನ ತೊಡೆಯ ಮೇಲೆ ಇಟ್ಟು, ತಾವು ಮುಂದಿನ ಸೀಟಿಗೆ ಹೋದರು.

ಅವರ ಗಂಡ ನಟರಾಜ ಅಷ್ಟರಲ್ಲಾಗಲೇ ದೋಣಿಯ ಹಿಂಬದಿಯಲ್ಲಿ, ಎಂಜಿನ್ನಿನ ಪಕ್ಕದ ಸೀಟಿನಲ್ಲಿ ನೀರಿಗೆ ಮುಖ ಮಾಡಿ ಕುಳಿತಿದ್ದರು. ಗಾಳಿ ಹೊಡೆದರೆ ಹಿಯರಿಂಗ್ ಏಡ್‌ಗಳು ಶಿಳ್ಳೆ ಹಾಕುತ್ತವೆಂದು ಬಂದ ತಕ್ಷಣ ಎರಡನ್ನೂ ತೆಗೆದು ಪುಟ್ಟ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಜೇಬಿಗೆ ಹಾಕಿ ಜಿಪ್ ಎಳೆದಿದ್ದರು. ಚೀಲ ತೊಡೆಗೆ ಬಂದಾಗ ಹೆಂಡತಿಯತ್ತ ನೋಡಿ, ಗೊತ್ತು ಬಿಡು ಎನ್ನುವಂತೆ ತಲೆಯಾಡಿಸಿದರು.

ಯಾಮಿನಿ ಮೈಸೂರಿನವಳು. ಅಲ್ಫರೆಟಾದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಕೋವಿಡ್ ಬಂದು ಕೆಲಸವೆಲ್ಲ ಮನೆಯಿಂದಲೇ ಎಂದಾದಾಗ ಮನೆಯನ್ನೇ ಸೌತ್ ಕೆರೊಲಿನಾದ ಈ ದಡಕ್ಕೆ ತಂದಳು. ಮೊದಲು ಕಯಾಕ್, ಆಮೇಲೆ ದೋಣಿ, ಆಮೇಲೆ ಕ್ಯಾಪ್ಟನ್ ಲೈಸೆನ್ಸ್. ರಜಾದಿನಗಳಲ್ಲಿ ನಾಲ್ಕೈದು ಜನರನ್ನು ಕೂರಿಸಿಕೊಂಡು, ಮರಳಿನ ದ್ವೀಪಗಳ ಹಿಂದಿರುವ ಹಿನ್ನೀರಿನಲ್ಲಿ ನಿಧಾನವಾಗಿ ಸುತ್ತಾಡಿಸುತ್ತಾಳೆ. ಏನೇನು ಕೆಡಬಹುದು ಎಂದು ಮುಂಚೆಯೇ ಯೋಚಿಸುವುದು ಟೆಸ್ಟರ್‌ಗಳ ಕಸುಬು. ದೋಣಿಯಲ್ಲೂ ಅವಳಿಗೆ ಬೇರೆ ರೀತಿ ಯೋಚಿಸಲು ಬರುತ್ತಿರಲಿಲ್ಲ.

ಅವಳ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಫೋಟೋ ಅಂಟಿಸಿತ್ತು. ಹಿಂದಿನ ಒಂದು ಚಳಿಗಾಲದಲ್ಲಿ ಯಾವುದೋ ದೋಣಿಯ ಪ್ರೊಪೆಲ್ಲರ್ ತಗುಲಿ, ತಲೆಯ ಮೇಲೆ ಸೀಳುಗಳೆದ್ದ ರೈಟ್ ವೇಲ್ ಮರಿ. ಅದು ಬದುಕಲಿಲ್ಲ. ದೋಣಿ ಯಾರದೆಂದು ತಿಳಿಯಲಿಲ್ಲ. ಹಾಲು ತೆಗೆಯಲು ಹೋದಾಗಲೆಲ್ಲ ಯಾಮಿನಿ ಮರಿಗಿಂತ ಹೆಚ್ಚಾಗಿ ಆ ದೋಣಿ ನಡೆಸಿದವನ ಬಗ್ಗೆ ಯೋಚಿಸುತ್ತಿದ್ದಳು. ಅವನಿಗೆ ಗೊತ್ತಾಗಿತ್ತೇ? ಸಣ್ಣದೊಂದು ಪೆಟ್ಟು ಕಾಲಿಗೆ ತಾಗಿ, ಯಾವುದೋ ಮರದ ತುಂಡು ಎಂದುಕೊಂಡು ಮುಂದೆ ಹೋದನೇ? ಅವನ ಜಾಗದಲ್ಲಿ ತಾನು ಎಂದೂ ಇರಬಾರದು. ಸಮುದ್ರದ ಬಳಿ ಅವಳ ಬೇಡಿಕೆ ಇದೊಂದೇ.

ಸಂಕ್ರಾಂತಿ ಆಗಿ ನಾಲ್ಕು ದಿನ. ಸೋಮವಾರ ರಜೆ ಇದ್ದದ್ದರಿಂದ ಅಟ್ಲಾಂಟಾದವರು ಹಿಂದಿನ ದಿನವೇ ಕಾರಿನಲ್ಲಿ ಬಂದಿಳಿದಿದ್ದರು. ಹಿನ್ನೀರು ಆ ಬೆಳಿಗ್ಗೆ ಇಸ್ತ್ರಿ ಮಾಡಿದ ಹಾಗಿತ್ತು. ಇಕ್ಕೆಲದಲ್ಲೂ ಒಣಗಿದ ಜವುಗುಹುಲ್ಲು. ಇಳಿತದ ಹೊತ್ತಾದ್ದರಿಂದ ಕೆಸರಿನ ದಂಡೆಯಲ್ಲಿ ಸಿಂಪಿಗಳು ಹಲ್ಲು ಕಿರಿದಿದ್ದವು. ತಿರುವಿನಲ್ಲಿ ಮೂರು ಡಾಲ್ಫಿನ್‌ಗಳು ಕಂಡವು. ಯಾಮಿನಿ ಎಂಜಿನ್ನನ್ನು ನ್ಯೂಟ್ರಲ್‌ಗೆ ತಂದಳು. ಅವು ದೋಣಿಯನ್ನು ಗಮನಿಸದೆ, ಬೇರೆ ಕೆಲಸವಿರುವವರಂತೆ ದಾಟಿಹೋದವು.

“ಇಷ್ಟೇನಾ?” ಎಂದ ಶಶಾಂಕ್. “ಹಿಂದೆ ಹೋಗೋಣ. ಫಾಲೋ ಮಾಡು.”

“ನಿನ್ನನ್ನ ಯಾರಾದ್ರೂ ಪಬ್ಲಿಕ್ಸ್ ಅಂಗಡೀಲಿ ತರಕಾರಿ ತಗೊಳೋವಾಗ ಕ್ಯಾಮೆರಾ ಹಿಡ್ಕೊಂಡು ಫಾಲೋ ಮಾಡಿದ್ರೆ?”

“ನಾನು ಸ್ಮೈಲ್ ಕೊಡ್ತೀನಪ್ಪ.”

“ನಿನ್ನನ್ನ ಯಾರು ಫಾಲೋ ಮಾಡ್ತಾರೆ,” ಎಂದರು ಮುಂದಿನಿಂದ ಅನಸೂಯ. “ಮೊದಲು ಒಂದು ಮದುವೆ ಆಗು.”

ಹಿನ್ನೀರು ಸಮುದ್ರಕ್ಕೆ ಬಾಯಿ ತೆರೆಯುವ ಅಳಿವೆಯ ಬಳಿ ಬಂದು, ಯಾಮಿನಿ ಮತ್ತೆ ನ್ಯೂಟ್ರಲ್‌ಗೆ ತಂದಳು. ಅವಳು ಇದನ್ನು ದಾಟಿ ಆಚೆ ಹೋಗುವುದಿಲ್ಲ. ಇಲ್ಲಿಂದಲೇ ಮರಳದಿಣ್ಣೆಯ ಆಚೆ ತೆರೆದ ಸಮುದ್ರ ಕಾಣುತ್ತದೆ. ಜನ ಥರ್ಮಾಸಿನಿಂದ ಕಾಫಿ ಕುಡಿದು, ಫೋಟೋ ತೆಗೆದುಕೊಂಡು ವಾಪಸು ಹೊರಡುತ್ತಾರೆ.

ಅನಸೂಯ ಎಳ್ಳುಬೆಲ್ಲದ ಡಬ್ಬಿ ತೆರೆದರು. ಆಗ ಅವರ ಎದುರಿಗೇ, ದಿಣ್ಣೆಯ ಪಕ್ಕದಲ್ಲಿ, ನೀರು ಉಸಿರು ಬಿಟ್ಟಿತು.

ಎರಡು ಕವಲಾಗಿ ಎದ್ದ ಬಿಳಿಯ ಹಬೆ. ಅದರ ಕೆಳಗೆ ಬೆನ್ನ ಮೇಲೆ ರೆಕ್ಕೆಯಿಲ್ಲದ ಕರಿಯ ದೇಹ, ತಲೆಯ ಮೇಲೆ ಸುಣ್ಣ ಮೆತ್ತಿದಂಥ ಒರಟು ಗಂಟುಗಳು. ಪಕ್ಕದಲ್ಲಿ ಅದರದೇ ಇನ್ನೊಂದು ಸಣ್ಣ ಅಚ್ಚು.

ಅನಸೂಯರ ಕೈಯಲ್ಲಿ ಡಬ್ಬಿ ಓರೆಯಾಗಿ ಎಳ್ಳು ಅವರ ತೊಡೆಯ ಮೇಲೆ ಸುರಿಯಿತು.

ಯಾಮಿನಿಯ ಕಣ್ಣು ದೂರವನ್ನು ಅಳೆಯುತ್ತಿತ್ತು. ಐನೂರು ಗಜವಿಲ್ಲ. ಮುನ್ನೂರು ಕೂಡ ಇಲ್ಲ. ಅವು ಇಷ್ಟು ಒಳಗೆ ಬರುವುದು ಅವಳು ನೋಡಿರಲಿಲ್ಲ. ಇಲ್ಲಿಂದ ಹೊರಡಬೇಕು, ಮೆಲ್ಲಗೆ, ಈಗಲೇ.

“ನಾವು ಹಿಂದಕ್ಕೆ ಹೋಗ್ತಿದೀವಿ,” ಎಂದಳು.

“ಏನು? ಒಂದೇ ನಿಮಿಷ ಯಾಮಿನಿ, ಪ್ಲೀಸ್, ಫೋಕಸ್ಸೇ ಆಗಿಲ್ಲ.”

“ಶಶಾಂಕ್, ಮರಿ ಎಲ್ಲಿದೆ ಅದನ್ನ ನೋಡ್ತಾ ಇರು. ನಿನ್ನ ಲೆನ್ಸ್‌ಗೆ ಇವತ್ತು ಅದೊಂದೇ ಕೆಲಸ.”

“ಇದೆ... ಅಮ್ಮನ ಪಕ್ಕದಲ್ಲೇ ಇದೆ. ಎಷ್ಟು ಕ್ಯೂಟ್... ಇರು. ಮುಳುಗ್ತು.”

“ಯಾವ ಕಡೆಗೆ?”

“ಗೊತ್ತಾಗ್ತಿಲ್ಲ. ಅಮ್ಮ ಇದೆ. ಮರಿ ಕಾಣಿಸ್ತಿಲ್ಲ.”

ತಾಯಿ ಸಮುದ್ರದ ಕಡೆ ತಿರುಗುತ್ತಿತ್ತು. ಮರಿಯೂ ಅತ್ತಲೇ ಹೋಗಬೇಕು. ಯಾಮಿನಿ ಎರಡು ಉಸಿರಿನಷ್ಟು ಹೊತ್ತು ಕಾದಳು. ಎಲ್ಲರ ಕಣ್ಣೂ ಮುಂದಕ್ಕೆ ನೆಟ್ಟಿದ್ದವು. ಅವಳು ಗೇರ್ ಹಾಕಿ, ಚುಕ್ಕಾಣಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು.

ದಡ್.

ದೊಡ್ಡ ಸದ್ದೇನಲ್ಲ. ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಹಾಕಿದ ಹಾಗೆ. ಆದರೆ ಅದು ಅವಳ ಪಾದದಿಂದ ಹತ್ತಿ ಹಲ್ಲಿನವರೆಗೆ ಬಂತು. ಎಂಜಿನ್ ಒಮ್ಮೆ ಕೆಮ್ಮಿ, ಅವಳು ಆಫ್ ಮಾಡುವ ಮೊದಲೇ ನಿಂತುಹೋಯಿತು.

ಅವಳು ತಿರುಗಿ ನೋಡಿದಳು. ದೋಣಿಯ ಹಿಂದೆ ನೀರು ಕೆಂಪಾಗುತ್ತಿತ್ತು.

ಕೆಂಪು ಕೆಳಗಿನಿಂದ ಬಂದು ಮೇಲೆ ಅರಳಿ, ನಿಧಾನವಾಗಿ ಅಗಲವಾಯಿತು. ಅದರ ಪಕ್ಕದಲ್ಲೇ ನಟರಾಜ ದಿಗಂತ ನೋಡುತ್ತ, ಕೈಕಟ್ಟಿಕೊಂಡು ಶಾಂತವಾಗಿ ಕುಳಿತಿದ್ದರು.

“ಓ ಗಾಡ್,” ಎಂದ ಶಶಾಂಕ್. “ಓ ಗಾಡ್, ಓ ಗಾಡ್.”

ಯಾಮಿನಿಗೆ ಫ್ರಿಜ್ಜಿನ ಬಾಗಿಲು ಕಂಡಿತು. ಆಮೇಲೆ ಏನೂ ಕಾಣಲಿಲ್ಲ, ರೇಡಿಯೋದ ಮೈಕು ಮಾತ್ರ. ಅದು ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಕೈ ಅದರ ಕಡೆ ಹೋಯಿತು.

“ಒಂದ್ ನಿಮಿಷ ತಡಿ,” ಶಶಾಂಕ್ ಅಡ್ಡ ಬಂದ. “ರಿಪೋರ್ಟ್ ಮಾಡೋಕ್ ಮುಂಚೆ ಕನ್ಫರ್ಮ್ ಆದ್ರೂ ಮಾಡ್ಕೊಳೋಣ. ಮರದ ತುಂಡಿರಬಹುದು.”

“ಮರದ ತುಂಡಿಗೆ ರಕ್ತ ಬರುತ್ತಾ?”

“ನಿನ್ನ ಲೈಸೆನ್ಸ್ ಹೋಗುತ್ತೆ ಕಣೇ. ಮತ್ತೆ ನಾನಿನ್ನೂ ಎಚ್-ಒನ್-ಬಿ ವೀಸಾದಲ್ಲಿದೀನಿ. ನನ್ನ ಹೆಸರೂ ಕೇಳ್ತಾರಾ?”

“ಪಕ್ಕಕ್ಕೆ ಸರಿ.”

ಅವನು ಸರಿದ. ಅವಳು ಗುಂಡಿ ಒತ್ತಿ ಕೋಸ್ಟ್ ಗಾರ್ಡನ್ನು ಕರೆದಳು. ದೋಣಿಯ ಹೆಸರು, ತನ್ನ ಹೆಸರು, ಇರುವ ಜಾಗ. ರೈಟ್ ವೇಲ್ ತಾಯಿ ಮತ್ತು ಮರಿ. ನನ್ನ ಪ್ರೊಪೆಲ್ಲರ್ ಮರಿಗೆ ತಗುಲಿರಬಹುದು. ನೀರಿನಲ್ಲಿ ರಕ್ತ ಇದೆ. ಎಂಜಿನ್ ನಿಂತಿದೆ. ಇಂಗ್ಲಿಷಿನಲ್ಲಿ ಹೇಳುತ್ತಿದ್ದರಿಂದ ಬೇರೆ ಯಾರೋ ಹೇಳುತ್ತಿರುವ ಹಾಗೆ ಕೇಳಿಸಿತು. ಆ ಕಡೆಯ ಗಂಡಸು ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿಕೊಂಡು, ಎಂಜಿನ್ ಶುರು ಮಾಡಬೇಡಿ, ಅಲ್ಲೇ ಇರಿ, ಮರಿಗಾಗಿ ನೋಡುತ್ತಿರಿ ಎಂದ. ಮೈಕನ್ನು ಕೊಕ್ಕೆಗೆ ಹಾಕಲು ಅವಳಿಗೆ ಆಗಲಿಲ್ಲ. ಕೈಯಲ್ಲೇ ಹಿಡಿದುಕೊಂಡು ನಿಂತಳು.

ಅನಸೂಯ ಸೀಟುಗಳ ಬೆನ್ನು ಹಿಡಿದುಕೊಳ್ಳುತ್ತ ಹಿಂದೆ ಬಂದರು. ಅವರ ಮುಖದಲ್ಲಿ ಈಗ ಆಂಟಿ ಇರಲಿಲ್ಲ. ದೋಣಿಯ ಅಂಚಿನ ಬಳಿ ಮೊಣಕಾಲೂರಿ ಕೆಂಪು ನೀರನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಸ್ವೆಟರಿನ ತೋಳು ಮಡಿಸಿ ಎರಡು ಬೆರಳು ಅದ್ದಿ, ಹೆಬ್ಬೆರಳಿನಿಂದ ಉಜ್ಜಿದರು.

“ರಕ್ತ ಹೀಗೆ ಪುಡಿಪುಡಿಯಾಗಿ ಕೈಗೆ ಸಿಗಲ್ಲ,” ಎಂದರು.

ಬೆರಳನ್ನು ಮೂಗಿನ ಹತ್ತಿರ ತಂದರು. ಅವರ ಹುಬ್ಬು ಗಂಟಾಯಿತು. ಒದ್ದೆ ಬೆರಳಲ್ಲಿ ಹಿಡಿದಿದ್ದ ಕೆಂಪು, ತೊಳೆದರೂ ಹೋಗದ ಕೆಂಪು, ಅವರ ಹಣೆಯ ಮೇಲಿದ್ದದ್ದೇ.

“ರೀ,” ಎಂದರು. ನಟರಾಜ ತಿರುಗಲಿಲ್ಲ. ಅನಸೂಯ ಅವರ ಭುಜ ಹಿಡಿದು ಅಲುಗಿಸಿದರು. “ರೀ! ಚೀಲ ಎಲ್ಲಿ?”

ತುಟಿ ಓದುವುದು ನಟರಾಜರಿಗೆ ಚೆನ್ನಾಗಿ ಬರುತ್ತಿತ್ತು. ಕೆಲಸ ಮುಗಿಸಿದವರ ನಗೆ ನಕ್ಕು ಹೆಬ್ಬೆರಳು ಎತ್ತಿದರು. “ಬಿಟ್ಟೆ. ಕಂಡ ತಕ್ಷಣ ಮೆಲ್ಲಗೆ ಬಿಡಿ ಅಂತ ಕಾರಲ್ಲಿ ಹೇಳಿದ್ಯಲ್ಲ. ಮಂತ್ರ ನೆನಪಿಗೆ ಬರಲಿಲ್ಲ, ಹ್ಯಾಪಿ ಸಂಕ್ರಾಂತಿ ಅಂದೆ.”

ಅಷ್ಟರಲ್ಲಿ ದೋಣಿಯ ಬಲಗಡೆ, ಕೆಂಪು ನೀರಿನ ಅಂಚಿನಲ್ಲಿ, ಏನೋ ಗುಳುಕ್ಕೆಂದು ಮೇಲೆದ್ದು ಹೊರಳಿತು. ಅರ್ಧ ತೆಂಗಿನಕಾಯಿ. ಒಳಗಿನ ಬಿಳಿ ಆಕಾಶಕ್ಕೆ ಮುಖ ಮಾಡಿತ್ತು.

ಶಶಾಂಕ್ ಧೊಪ್ಪನೆ ಕುಳಿತು ನಗತೊಡಗಿದ. ನಗುತ್ತ ಕಣ್ಣು ಒರೆಸಿಕೊಂಡ.

“ನಗ್ಬೇಡ,” ಎಂದಳು ಯಾಮಿನಿ. “ಕಾಯಿ ಸಿಕ್ತು. ಮರಿ ಇನ್ನೂ ಸಿಕ್ಕಿಲ್ಲ.”

ಅವಳ ಕಸುಬಿನ ಬುದ್ಧಿ ಹೇಳುತ್ತಿದ್ದುದೂ ಅದೇ. ಪೆಟ್ಟಿಗೂ ಕೆಂಪಿಗೂ ಕಾರಣ ಸಿಕ್ಕಿದೆ. ಆದರೆ ಮುಳುಗಿದ ಮರಿ ಮೇಲೆ ಬಂದಿಲ್ಲ. ನೀರು ಕಲಕಿ ಟೀ ಬಣ್ಣವಾಗಿತ್ತು, ಮೊಳದಾಳದಲ್ಲಿ ಏನಿದ್ದರೂ ಕಾಣುವಂತಿರಲಿಲ್ಲ. ತಾಯಿಯೂ ಕಾಣುತ್ತಿರಲಿಲ್ಲ.

ಅವಳು ಮತ್ತೆ ಗುಂಡಿ ಒತ್ತಿದಳು. ಹೊಸ ಮಾಹಿತಿ ಇದೆ ಎಂದಳು. ಪ್ರೊಪೆಲ್ಲರ್‌ಗೆ ತಗುಲಿದ್ದು ತೆಂಗಿನಕಾಯಿ. ನೀರು ಕೆಂಪಾಗಿದ್ದು ಪುಡಿಯಿಂದ. ಮರಿ ಇನ್ನೂ ಕಂಡಿಲ್ಲ.

ಆ ಕಡೆ ಸ್ವಲ್ಪ ಹೊತ್ತು ಬರೀ ಗರಗರ.

“ಸೇ ಅಗೇನ್, ಕ್ಯಾಪ್ಟನ್? ಕೋಕನಟ್?”

“ಯೆಸ್. ಕೋಕನಟ್. ಅಂಡ್ ರೆಡ್ ಪೌಡರ್. ಇಟ್ ವಾಸ್ ಎ ಗಿಫ್ಟ್. ಫಾರ್ ದ ಮದರ್.”

“ಹೂಜ್ ಮದರ್?”

“ದ ವೇಲ್, ಸರ್.”

ಮತ್ತೆ ಗರಗರ. ಅದರ ಹಿಂದೆ ಯಾರೋ ಕುರ್ಚಿ ಎಳೆದ ಸದ್ದು. ಆಮೇಲೆ ಆತ ಮೊದಲಿನ ಧ್ವನಿಯಲ್ಲೇ, ಮರಿ ಕಾಣುವವರೆಗೆ ಅಲ್ಲೇ ಇರಿ, ಕಂಡರೆ ತಿಳಿಸಿ, ಮತ್ತು ದಯವಿಟ್ಟು ಇನ್ನೇನೂ ಗಿಫ್ಟ್ ಕೊಡಬೇಡಿ ಎಂದ.

ದೋಣಿ ನಿಧಾನವಾಗಿ ತೇಲಿತು. ಯಾಮಿನಿ ಎಂಜಿನ್ನನ್ನು ಮೇಲಕ್ಕೆತ್ತಿ ನೋಡಿದಳು. ಪ್ರೊಪೆಲ್ಲರ್‌ಗೆ ಹಸಿರು ರವಿಕೆ ಕಣ ಜರಿಯ ಅಂಚಿನ ಸಮೇತ ಬಿಗಿಯಾಗಿ ಸುತ್ತಿಕೊಂಡಿತ್ತು. ಚಾಕುವಿನಿಂದ ಕತ್ತರಿಸಿ ತೆಗೆದಳು. ಶಶಾಂಕ್ ದೋಣಿಯಲ್ಲಿದ್ದ ಕೈಬಲೆ ಹಿಡಿದು ಕಾಯಿಯ ಎರಡು ಹೋಳು, ವೀಳ್ಯದೆಲೆ, ಚೀಲದ ಚೂರುಗಳನ್ನು ಒಂದೊಂದಾಗಿ ಎತ್ತಿ ಹಾಕಿದ. ಎರಡು ಅಡಿಕೆಯೂ ಸಿಕ್ಕವು. ಅನಸೂಯ ಗಂಡನ ಪಕ್ಕದಲ್ಲಿ, ಎಳ್ಳು ಅಂಟಿದ ಸೀರೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು.

“ನಾನು ಹಾಕಲ್ಲ ಅಂತ ನಿಂಗೆ ಮಾತು ಕೊಟ್ಟೆ. ಇವರಿಗೆ ಹೇಳೋದೇ ಮರೆತೆ,” ಎಂದರು. ಯಾಮಿನಿ ನೀರನ್ನೇ ನೋಡುತ್ತಿದ್ದಳು. “ಬೈದುಬಿಡೇ. ಸುಮ್ನೆ ಇರ್ಬೇಡ.”

“ಆಮೇಲೆ ಬೈತೀನಿ ಆಂಟಿ. ಈಗ ನೋಡಿ. ಎಲ್ಲರೂ ನೀರು ನೋಡಿ.”

ನೋಡಿದರು. ನೀರು ಬಹಳವಿತ್ತು. ಪ್ರತಿ ಅಲೆಯ ಮಡಿಕೆಯೂ ಒಂದು ಬೆನ್ನಿನಂತೆ ಕಂಡು, ಆಮೇಲೆ ಅಲ್ಲವಾಗುತ್ತಿತ್ತು. ಏನು ನಡೆಯುತ್ತಿದೆ ಎಂದು ನಟರಾಜರಿಗೆ ಈಗ ಪೂರ್ತಿ ಅರ್ಥವಾಗಿತ್ತು. ಅವರು ಜಿಪ್ ಎಳೆದು, ಡಬ್ಬಿ ತೆರೆದು, ಹಿಯರಿಂಗ್ ಏಡ್‌ಗಳನ್ನು ಕಿವಿಗೆ ಹಾಕಿಕೊಂಡರು. ಬೈಗುಳ ಬಂದರೆ ಕೇಳಿಸಿಕೊಳ್ಳಬೇಕು ಎಂದು ಅವರಿಗೆ ಅನಿಸಿರಬೇಕು. ಗಾಳಿ ಇರಲಿಲ್ಲ. ಅವು ಶಿಳ್ಳೆ ಹಾಕಲಿಲ್ಲ.

“ಶ್,” ಎಂದರು ನಟರಾಜ. ಯಾರೂ ಮಾತಾಡುತ್ತಿರಲಿಲ್ಲ. ಆದರೂ ಎಲ್ಲರೂ ಇನ್ನಷ್ಟು ಸುಮ್ಮನಾದರು. “ಆ ಕಡೆ. ಯಾರೋ ಸೀನಿದ್ರು.”

ಅವರು ತೋರಿಸಿದ್ದು ಅಳಿವೆಯ ಆಚೆಗೆ, ಎಲ್ಲರೂ ನೋಡುತ್ತಿದ್ದ ಕಡೆಗಿಂತ ಬಹಳ ಎಡಕ್ಕೆ. ಮೊದಲು ದೊಡ್ಡದು: ಹಳೆಯ ಬಸ್ಸಿನ ಬಾಗಿಲು ತೆರೆದಂಥ ಉಸಿರು, ಎರಡು ಕವಲಿನ ಹಬೆ. ಅದರ ಹಿಂದೆಯೇ, ಅವಸರದಲ್ಲಿ, ಚಿಕ್ಕದು. ಪುಫ್.

ಐನೂರು ಗಜಕ್ಕಿಂತ ಎಷ್ಟೋ ದೂರ. ಶಶಾಂಕ್ ಲೆನ್ಸ್ ಎತ್ತಿದ. ಅವನ ಬಾಯಿ ತೆರೆದುಕೊಂಡೇ ಇತ್ತು. “ತಲೆ ಕ್ಲೀನ್ ಇದೆ. ಬೆನ್ನು ಕ್ಲೀನ್... ಬಾಲ ಎತ್ತಿತು. ಕ್ಲೀನ್. ಒಂದು ಗೆರೆ ಇಲ್ಲ ಯಾಮಿನಿ. ಬ್ರ್ಯಾಂಡ್ ನ್ಯೂ.”

ಮತ್ತೆ ಪುಫ್. ಅನಸೂಯ ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ ಕೇಳಿಸಿಕೊಂಡರು. ಇನ್ನೊಂದು. ಇನ್ನೊಂದು. ಆಮೇಲೆ, ಎಷ್ಟೋ ವರ್ಷ ಎಷ್ಟೋ ಬಾಗಿಲುಗಳ ಹೊರಗೆ ಬಂದು ಹೇಳಿದ್ದ ಧ್ವನಿಯಲ್ಲಿ ಹೇಳಿದರು:

“ಚೆನ್ನಾಗಿ ಉಸಿರಾಡ್ತಿದೆ. ತಾಯಿ ಮಗು ಇಬ್ಬರೂ ಕ್ಷೇಮ.”

ಯಾಮಿನಿ ಅದನ್ನೇ ಇಂಗ್ಲಿಷಿನಲ್ಲಿ ಮೈಕಿಗೆ ಹೇಳಿದಳು. ಆ ಕಡೆಯಾತ ಕೋಸ್ಟ್ ಗಾರ್ಡಿನ ಪದಗಳನ್ನು ಬಿಟ್ಟು, “ವೆಲ್, ಥ್ಯಾಂಕ್ ಗಾಡ್,” ಎಂದ. ಮೈಕು ಈ ಸಲ ಕೊಕ್ಕೆಗೆ ಸರಿಯಾಗಿ ಸಿಕ್ಕಿತು. ಅವಳು ಚುಕ್ಕಾಣಿಯ ಪಕ್ಕದಲ್ಲೇ ನೆಲಕ್ಕೆ ಕುಳಿತಳು. ಅಳು ಬರುತ್ತದೆ ಎಂದುಕೊಂಡಿದ್ದಳು. ಬಂದದ್ದು ಹಸಿವು.

“ಈಗ ಬೈ,” ಎಂದರು ಅನಸೂಯ.

“ಮುಂದಿನ ಸಲ ಬಾಣಂತಿ ಊಟನೇ ತರ್ತೀರೋ ಏನೋ.”

“ಇದು ಬೈದ ಹಾಗಾ?”

“ಇನ್ನೂ ವಾರ್ಮ್ ಅಪ್ ಆಗ್ತಿದೀನಿ ಆಂಟಿ.”

“ನನಗೆ ಎಲ್ಲಾ ಕೇಳಿಸ್ತಿದೆ,” ಎಂದರು ನಟರಾಜ. “ನಂಗೂ ಸೇರಿಸಿ ಬೈಯಮ್ಮ.”

ಶಶಾಂಕ್ ಕ್ಯಾಮೆರಾದ ಪರದೆ ನೋಡುತ್ತ ತಲೆ ಕೆರೆದುಕೊಂಡ. ಮರಿಯನ್ನು ಇಷ್ಟು ಹೊತ್ತು ಲೆನ್ಸಿನಲ್ಲಿ ನೋಡಿದವನು ಒಂದೂ ಫೋಟೋ ತೆಗೆದಿರಲಿಲ್ಲ.

ಅನಸೂಯ ಬಲೆಯೊಳಗೆ ಕೈ ಹಾಕಿ ಕಾಯಿಯ ಒಂದು ಹೋಳನ್ನು ಎತ್ತಿಕೊಂಡರು. ಪ್ರೊಪೆಲ್ಲರ್ ಅದನ್ನು ಮೈಸೂರಿನ ಯಾವ ಮಚ್ಚಿಗೂ ಸೋಲದಂತೆ ನೇರವಾಗಿ ಒಡೆದಿತ್ತು. ಸೆರಗಿನಲ್ಲಿ ಒರೆಸಿ, ನೆಲದ ಮೇಲೆ ಕುಳಿತವಳ ಮಡಿಲಿಗೆ ಹಾಕಿದರು. ಒದ್ದೆ ಕೆಂಪು ಬೆರಳು ಅವಳ ಹಣೆಗೂ ತಾಗಿತು.

“ಯಾರಿಗೋ ತಂದಿದ್ದು, ನಿನಗೆ ಸೇರ್ತು. ಹಿಡ್ಕೋ. ಬೇಡ ಅನ್ಬೇಡ.”

ಯಾಮಿನಿ ಬೇಡ ಅನ್ನಲಿಲ್ಲ. ಚಾಕುವಿನಿಂದಲೇ ಒಂದು ಚೂರು ಎಬ್ಬಿಸಿ ಬಾಯಿಗೆ ಹಾಕಿಕೊಂಡಳು. ಉಪ್ಪಾಗಿತ್ತು. ಉಬ್ಬರ ಶುರುವಾಗಿ ದೋಣಿ ತಾನಾಗಿಯೇ ಹಿನ್ನೀರಿನ ಕಡೆಗೆ ತಿರುಗುತ್ತಿತ್ತು. ಅವಳು ಎಂಜಿನ್ ಶುರು ಮಾಡುವ ಆತುರ ತೋರಲಿಲ್ಲ. ಇನ್ನೊಂದು ಚೂರು ಎಬ್ಬಿಸಿದಳು.